ಸ್ಟೇಶನ್ ಬಜಾರಕ್ಕೆ ಎರಡು ಗೊನೆ

ಮಗಳು ಮೆಚ್ಚಿದ ಹುಡುಗ ಮನೆ ಮುಂದೆ ಗಾಡಿ ನಿಲ್ಲಿಸಿದ್ದೇ ತಡ, ಮಾಪಣ್ಣನ ತಲೆ ಕೆಟ್ಟುಹೋಯಿತು. ಹುಡುಗನನ್ನು ನೋಡಿ ಅಲ್ಲ, ಗಾಡಿಯನ್ನು ನೋಡಿ. ಒಂಬೈನೂರು ಸಿ.ಸಿ.ಯ ಕರಿ ಬೈಕು, ಹಾಯಲು ಬಾಗಿದ ಹೋರಿಯ ಹಾಗೆ ನಿಂತಿತ್ತು. ಕಮಲಾಪುರದ ಆ ಓಣಿಯಲ್ಲಿ ಅದನ್ನು ತಿರುಗಿಸಲು ಎದುರು ಮನೆಯವರ ಎಮ್ಮೆ ಬಿಚ್ಚಬೇಕಾಯಿತು.

“ಜೈಭೀಮ್ ರೀ ಮಾಮಾ,” ಎಂದು ಹುಡುಗ ಹೆಲ್ಮೆಟ್ ತೆಗೆದ. ಹೆಸರು ಕಪಿಲ. ರೈಲ್ವೆಯಲ್ಲಿ ಗೂಡ್ಸ್ ಗಾಡಿ ಓಡಿಸುತ್ತಿದ್ದ.

“ಯಾರ ಮಾಮಾ? ಕಾಕಾ ಅನ್ನು,” ಎಂದ ಮಾಪಣ್ಣ. “ದಿನಾ ರೈಲು ಓಡಸ್ತೀ, ಅದು ಸಾಲವಲ್ದೇನು? ಮ್ಯಾಲ ಈ ರಾಕ್ಷಸನ್ನ ಬ್ಯಾರೆ ಸಾಕೀದಿ?”

“ರೈಲು ಸರಕಾರದ್ದು ರೀ ಕಾಕಾ. ಇದು ನಂದು.”

ಉತ್ತರ ಚೆನ್ನಾಗಿತ್ತು. ಅದಕ್ಕೇ ಮಾಪಣ್ಣನಿಗೆ ಇನ್ನಷ್ಟು ಸಿಟ್ಟು ಬಂತು.

ಮಗಳು ಪಂಚಶೀಲಾ ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಹುಡುಗನನ್ನು ತಾನೇ ನೋಡಿಕೊಂಡಿದ್ದಳು. ಎರಡೂ ಮನೆಯ ಹೆಂಗಸರು ಮಾತಾಡಿ ಮುಗಿಸಿದ್ದರು. ಮಾಪಣ್ಣ ಹೂಂ ಅನ್ನುವುದೊಂದೇ ಬಾಕಿ. ಮಾಪಣ್ಣ ಚಹಾ ಕುಡಿದು ಕಪ್ಪು ಕೆಳಗಿಟ್ಟು ಹೇಳಿಯೇಬಿಟ್ಟ: “ಇಂಥಾ ಗಾಡಿ ಓಡಸಾವಗ ನಾ ಮಗಳನ್ನ ಕೊಡಂಗಿಲ್ಲ. ಒಂದಿನ ಇಬ್ಬರನೂ ರೋಡಿನ ಮ್ಯಾಲಿಂದ ಬಳಕೊಂಡು ಬರಬೇಕಾಗ್ತದ.”

ಒಳಗಿನಿಂದ ಹೆಂಡತಿ ತುಳಜಾಬಾಯಿ ನಕ್ಕಳು. “ಹೌದ್ರೀ, ನೀವು ಭಾಳ ಸಂಭಾವಿತರು. ಲಗ್ನ ಆದ ಮರುದಿನ ನನ್ನ ಹಿಂದ ಕೂಡಿಸಿಕೊಂಡು ಹುಮನಾಬಾದ ರೋಡಿನಾಗ ಹಾರಿಸಿದ್ರಲ್ಲ, ನನ್ನ ಸೆರಗಿನ ಚೂರು ಇನ್ನಾ ಆ ಜಾಲಿಗಿಡದಾಗೇ ಅದ.”

“ಆ ಮಾತು ಬ್ಯಾರೆ. ಆ ಗಾಡಿ ಬ್ಯಾರೆ.”

ಆ ಗಾಡಿ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು. ಮುನ್ನೂರೈವತ್ತು ಸಿ.ಸಿ.ಯ ರಾಜದೂತ ಬೈಕು. ಕಮಲಾಪುರದ ಕೆಂಪು ಬಾಳೆ ಆಗ ಸಂಜೆಯ ಮುಂಬೈ ರೈಲಿಗೆ ಹೋಗುತ್ತಿತ್ತು. ಗೊನೆ ಕಡಿಯುವುದು ತಡವಾಗಿ ಲಾರಿ ತಪ್ಪಿತೆಂದರೆ ತೋಟದವರು ಮಾಪಣ್ಣನ ಬಾಗಿಲಿಗೆ ಬರುತ್ತಿದ್ದರು. ಹಿಂದಿನ ಸೀಟಿಗೆ ಗೊನೆ ಕಟ್ಟಿ ಅವನು ಕಿಕ್ ಹೊಡೆದರೆ ಎರಡೂ ಸೈಲೆನ್ಸರಿನಿಂದ ನೀಲಿ ಹೊಗೆ ಎದ್ದು ಓಣಿಯೇ ಮುಚ್ಚಿಹೋಗುತ್ತಿತ್ತು. ಹೊಗೆ ಇಳಿಯುವಷ್ಟರಲ್ಲಿ ಅವನು ಊರಾಚೆ ಇರುತ್ತಿದ್ದ. ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಮಾಲು ರೈಲಿಗೆ ಹಾಕುತ್ತಿದ್ದ ಹಣ್ಣಿನ ವ್ಯಾಪಾರದ ಮಸ್ತಾನಬಿ ಒಂದೊಂದು ಹಣ್ಣಿನ ಮೇಲೂ ಹೆಬ್ಬೆರಳು ಆಡಿಸಿ ಆಮೇಲೆಯೇ ಮಾಲು ಇಳಿಸಿಕೊಳ್ಳುತ್ತಿದ್ದಳು. ಸಿಪ್ಪೆ ಉಜ್ಜಿ ಕಲೆ ಬಿದ್ದಿದ್ದರೆ ಗೊನೆ ವಾಪಸ್. ಮಾಪಣ್ಣನ ಗೊನೆ ಒಂದೂ ವಾಪಸ್ ಬಂದಿಲ್ಲ. ಹಾಗೆಂದು ಮಾಪಣ್ಣನೇ ಹೇಳುತ್ತಿದ್ದ.

ಈಗ ಅವನು ಅದೇ ಮಾತು ತೆಗೆದ. “ಏ ಹುಡುಗ, ಬರೋ ರವಿವಾರ ನಿನಗೊಂದು ಗೊನಿ, ನನಗೊಂದು ಗೊನಿ. ಮಸ್ತಾನಬಿ ಅಂಗಡಿಗೆ ಮುಟ್ಟಸಬೇಕು. ಮೊದಲ ಮುಟ್ಟಬೇಕು, ಹಣ್ಣಿಗೆ ಕಲಿ ಬೀಳಬಾರದು. ಗೆದ್ದೆಂದ್ರ ಲಗ್ನದ ಮಾತಾಡೋಣು. ಸೋತೆಂದ್ರ ಈ ಗಾಡಿ ಮಾರಿ ಬಾ.”

“ಅಪ್ಪಾ! ನಾ ಏನ್ ಬಾಳಿಗೊನಿ ಏನು?” ಎಂದು ಪಂಚಶೀಲಾ ಚೀರಿದಳು.

ಕಪಿಲ ಮಾತ್ರ ತಾಡಪತ್ರಿಯ ಕೆಳಗೆ ಕಾಣುತ್ತಿದ್ದ ರಾಜದೂತದ ಚಕ್ರವನ್ನೇ ನೋಡುತ್ತ, “ಆಗಲಿ ರೀ ಕಾಕಾ,” ಎಂದ.

ಆ ವಾರವೆಲ್ಲ ಮಾಪಣ್ಣ ಶೆಡ್ಡಿನಲ್ಲೇ ಬಿದ್ದುಕೊಂಡಿದ್ದ. ಪ್ಲಗ್ ಉಜ್ಜಿದ, ಚೈನಿಗೆ ಎಣ್ಣೆ ಬಿಟ್ಟ, ಹೊಸ ಟೈರ್ ಹಾಕಿಸಿದ. ತಿಂಗಳಿಗೊಮ್ಮೆ ಗಾಡಿ ಚಾಲೂ ಮಾಡಲು ಬಾಟಲಿಯಲ್ಲಿ ಆಯಿಲ್ ಬೆರೆಸಿಟ್ಟ ಪೆಟ್ರೋಲ್ ಇತ್ತು, ಅದನ್ನೇ ಸುರಿದು ಕಿಕ್ ಹೊಡೆದ. ಓಣಿ ತುಂಬ ನೀಲಿ ಹೊಗೆ ಹರಡಿತು. ಮೊಬೈಲ್ ಹಿಡಿದ ಹುಡುಗರು ಓಡಿಬಂದರು. ಮಾಪಣ್ಣನ ಎದೆ ಉಬ್ಬಿತು.

ರವಿವಾರ ಬೆಳಿಗ್ಗೆ ತುಳಜಾಬಾಯಿ ಒಂದು ಕೌದಿ ತಂದು ಕಪಿಲನಿಗೆ ಕೊಟ್ಟಳು. ಅವನು ಗೊನೆಯನ್ನು ಒಣ ಬಾಳೆಎಲೆಯಲ್ಲಿ ಸುತ್ತಿ, ಮೇಲೆ ಕೌದಿ ಸುತ್ತಿ, ಹಿಂದಿನ ಸೀಟಿಗೆ ನಿಧಾನ ಕಟ್ಟಿದ. ಮಾಪಣ್ಣ ಒಂದು ಗೋಣಿಚೀಲ ಹಾಸಿ ತನ್ನದನ್ನು ಬಿಗಿದ. “ಕೂಸಿಗೆ ಕುಲಾಯಿ ಹಾಕಿದಂಗ ಮಾಡಾಕತ್ತೀಯಲ್ಲೋ!” ಎಂದು ನಕ್ಕ.

ಊರಾಚೆಯ ಬಂಕಿನಲ್ಲಿ ಇಬ್ಬರೂ ಪೆಟ್ರೋಲ್ ಹಾಕಿಸಿದರು. ಬಂಕಿನವರು, ಲಾರಿಯವರು ಎಲ್ಲ ಒಂಬೈನೂರನ್ನು ಬಿಟ್ಟು ರಾಜದೂತದ ಸುತ್ತ ನೆರೆದರು. ಒಬ್ಬ ಮುದುಕ ಬಂದು ಟಾಕಿ ಸವರಿ, “ಮಾಪಣ್ಣ, ಇದರ ಸಪ್ಪಳ ಕೇಳಿ ನಮ್ಮ ಹೊಲದಾಗಿನ ನವಿಲು ಓಡತಿದ್ವು ನೋಡಪ,” ಎಂದ. “ಫುಲ್ ಮಾಡು!” ಎಂದು ಮಾಪಣ್ಣ ಬಂಕಿನ ಹುಡುಗನಿಗೆ ರಾಜನಂತೆ ಕೈ ಬೀಸಿದ.

ರಸ್ತೆಗೆ ಬಿದ್ದ ಮೇಲೆ ಅವನು ಒಮ್ಮೆಯೂ ಹಿಂದೆ ನೋಡಲಿಲ್ಲ. ಗಾಳಿ ಮುಖಕ್ಕೆ ಬಡಿಯಿತು, ತೊಗರಿ ಹೊಲಗಳು ಎರಡೂ ಬದಿಗೆ ಹಸಿರು ಗೆರೆಯಾದವು. ಮೊಣಕಾಲಿನ ನೋವು, ಸಕ್ಕರೆ ಕಾಯಿಲೆಯ ಗುಳಿಗೆ, ಎಲ್ಲ ಮರೆತುಹೋಯಿತು. ಮಹಾಗಾಂವ ಕ್ರಾಸ್ ದಾಟಿದ ಮೇಲೆ ಕನ್ನಡಿ ನೋಡಿದ. ಕಪಿಲ ಎಲ್ಲೂ ಇಲ್ಲ. ನಗು ಬಂತು. ಮತ್ತೊಮ್ಮೆ ನೋಡಿದ. ಕನ್ನಡಿಯಲ್ಲಿ ರಸ್ತೆ ತೊಳೆದಿಟ್ಟ ಹಾಗೆ ಸ್ವಚ್ಛವಾಗಿತ್ತು.

ಹೊಗೆ ಎಲ್ಲಿ?

ಆಗ ಹೊಳೆಯಿತು. ರಾಜದೂತದ ಆಯಿಲ್ ಪಂಪನ್ನು ಆ ಕಾಲದ ಮಿಸ್ತ್ರಿ ಬಿಚ್ಚಿ ಒಗೆದಿದ್ದ. ಆಯಿಲ್ಲನ್ನು ಪೆಟ್ರೋಲಿನಲ್ಲೇ ಬೆರೆಸಬೇಕು, ನೀಲಿ ಹೊಗೆ ಬರುವುದು ಅದರಿಂದಲೇ. ಆಗ ಬಂಕಿನವನೇ ಹೇಳದೆ ಕೇಳದೆ ಅಳೆದು ಟಾಕಿಗೆ ಸುರಿಯುತ್ತಿದ್ದ. ಇವತ್ತಿನ ಬಂಕಿನ ಹುಡುಗ ಅಂಥದ್ದನ್ನು ಕಂಡೇ ಇಲ್ಲ. ಹೊಗಳಿಕೆ ಕೇಳುತ್ತ ನಿಂತ ಮಾಪಣ್ಣ ಬರೀ ಪೆಟ್ರೋಲ್ ತುಂಬಿಸಿಕೊಂಡು ಬಂದಿದ್ದ. ಎಂಜಿನ್ ಒಣಗಿ ಉರಿಯುತ್ತಿತ್ತು.

ಅವನು ಕೈ ಸಡಿಲಿಸುವಷ್ಟರಲ್ಲಿ ಎಂಜಿನ್ ಕಿರ್ರೆಂದು ಜಾಮ್ ಆಯಿತು. ಹಿಂದಿನ ಚಕ್ರ ಬಿಗಿದು ಗಾಡಿ ಹಾವಿನಂತೆ ಹೊರಳಿತು. ಪಳಗಿದ ಕೈ ತಾನಾಗಿ ಕ್ಲಚ್ ಹಿಡಿದದ್ದರಿಂದ ಉಳಿದುಕೊಂಡ. ರಸ್ತೆ ಬದಿಯ ಬೇವಿನ ಮರದ ಕೆಳಗೆ ಗಾಡಿ ನಿಂತಿತು. ಮಾಪಣ್ಣ ಮೊದಲು ಗಾಡಿಗೆ ಬೈದ, ಆಮೇಲೆ ಬಂಕಿಗೆ, ಕೊನೆಗೆ ತನಗೇ.

ತುಸು ಹೊತ್ತಿಗೆ ಒಂಬೈನೂರು ಬಂತು. ಹೇಗೆ ಬಂತೆಂದರೆ, ಹಿಂದೆ ಒಂದು ಟ್ರ್ಯಾಕ್ಟರ್ ದಾರಿ ಬಿಡು ಎಂದು ಹಾರ್ನ್ ಹೊಡೆಯುತ್ತಿತ್ತು.

ಕಪಿಲ ಗಾಡಿ ನಿಲ್ಲಿಸಿ ಓಡಿಬಂದ. “ಕಾಕಾ! ಪೆಟ್ಟು ಬಿತ್ತೇನ್ರೀ?”

“ನನಗೇನೂ ಆಗಿಲ್ಲ. ನಿನಗೇನಾಗ್ಯಾದ? ಇಷ್ಟು ದೊಡ್ಡ ಗಾಡಿ ಇಟಗೊಂಡು ಎತ್ತಿನ ಬಂಡಿ ಹೊಡದಂಗ ಬರತೀಯಲ್ಲ, ನಾಚಿಕಿ ಬರಲ್ಲೇನು?”

“ಹಿಂದ ಮಾಲಿತ್ತಲ್ರೀ.”

“ಹಾಂ?”

“ಗೂಡ್ಸಿನಾಗೂ ಹಂಗೇ ರೀ ಕಾಕಾ. ಎಂಜಿನ್ ಎಷ್ಟೇ ಓಡಲಿ, ಹಿಂದ ಏನದ ಅಂತ ನೋಡಿ ಓಡಸಬೇಕು. ಕಲಿ ಬಿತ್ತಂದ್ರ ಪಂಚಶೀಲಾ ನನ್ನ ಬಿಡ್ತಾಳೇನ್ರೀ?”

ಮಾಪಣ್ಣ ಏನೋ ಬೈಯಬೇಕೆಂದು ಬಾಯಿ ತೆರೆದ. ಜಾಲಿಗಿಡ ಮತ್ತು ಸೆರಗು ನೆನಪಾದವು.

ರಾಜದೂತವನ್ನು ಇಬ್ಬರೂ ನೂಕಿ ಹತ್ತಿರದ ಚಹಾ ಹೋಟೆಲಿನ ಮುಂದೆ ಬಿಟ್ಟರು. ನಿಲ್ಲಿಸಿಹೋಗುವುದು ಗಾಡಿಯನ್ನಷ್ಟೇ, ಗೊನೆಯನ್ನಲ್ಲ. ಮಾಪಣ್ಣ ತನ್ನ ಗೊನೆಯನ್ನು ಬೆನ್ನಿಗೆ ಕಟ್ಟಿಕೊಂಡ, ಒಂಬೈನೂರಿನ ಮೇಲೆ ಕಪಿಲನ ಹಿಂದೆ ಕುಳಿತು ಅವನ ಗೊನೆಯನ್ನು ತೊಡೆಯ ಮೇಲಿಟ್ಟು ತಬ್ಬಿಕೊಂಡ. ಕಲಬುರಗಿಯ ಪ್ರತಿ ಸಿಗ್ನಲ್ಲಿನಲ್ಲೂ ಜನ ಫೋಟೋ ತೆಗೆದರು.

ಮಸ್ತಾನಬಿ ಮುದುಕಿಯಾಗಿದ್ದಳು, ಕಣ್ಣಿಗೆ ದಪ್ಪ ಚಶ್ಮಾ ಬಂದಿತ್ತು. “ಅರೆ ಮಾಪಣ್ಣ! ಇನ್ನಾ ಜಿಂದಾ ಇದ್ದೀ?” ಎಂದವಳೇ ಗೊನೆ ಎಳೆದುಕೊಂಡು ಹೆಬ್ಬೆರಳು ಆಡಿಸತೊಡಗಿದಳು. ಕೌದಿಯ ಗೊನೆ ನೋಡಿ ಇಳಿಸಿಕೊಂಡಳು. ಇನ್ನೊಂದನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಇದು ಯಾರದು?”

“ನಂದು.”

“ವಾಪಸ್ ಒಯ್ಯಿ.”

“ಏನಂದಿ? ನನ್ನ ಗೊನಿ ಒಂದರೆ ವಾಪಸ್ ಬಂದಾದೇನು?”

ಮುದುಕಿ ನಕ್ಕಳು. “ಬೇವಕೂಫ್. ಪ್ರತೀ ಸಲ ಉಜ್ಜಿರತಿತ್ತು. ನೀ ಅಷ್ಟು ದೂರದಿಂದ ಜೀವ ಒತ್ತಿ ಇಟ್ಟು ಓಡಿ ಬರತಿದ್ದಿ. ವಾಪಸ್ ಅಂದ್ರ ಮತ್ತ ಅಷ್ಟೇ ಜೋರಿಲೆ ಹೋಗ್ತಿ ಅಂತ ಅಂಜಿಕಿ. ಸುಮ್ಮ ಇಟಗೊಂತಿದ್ದೆ.”

ಮಾಪಣ್ಣ ಅಂಗಡಿಯ ಕಟ್ಟೆಯ ಮೇಲೆ ಕುಳಿತ. ತನ್ನದೇ ಗೊನೆಯಿಂದ ಉಜ್ಜಿದ ಹಣ್ಣೊಂದನ್ನು ಕಿತ್ತು ತಿಂದ, ಕಪಿಲನಿಗೂ ಒಂದು ಕೊಟ್ಟ. ಹಣ್ಣು ರುಚಿಯಾಗಿತ್ತು, ಅದೇ ದೊಡ್ಡ ಸಮಾಧಾನ. ವಾಪಸು ಬರುವಾಗ ಕಪಿಲನೇ ನೆನಪಿಟ್ಟು ಆಯಿಲ್ ಡಬ್ಬಿ ಕೊಂಡ.

ಊರು ದಾಟಿತು. ರಸ್ತೆ ಖಾಲಿ ಬಿದ್ದಿತ್ತು. ಕಪಿಲ ಇನ್ನೂ ಅದೇ ನಡಿಗೆಯಲ್ಲಿ ಹೊರಟಿದ್ದ.

“ಏ, ಈಗ್ಯಾಕ ಹಿಂಗ ಹೊಂಟೀದಿ? ಈಗ ಹಿಂದ ಉಜ್ಜಿದ ಗೊನಿ ಒಂದೇ ಅದಲ್ಲ?”

“ನೀವಿದ್ದೀರಲ್ರೀ ಕಾಕಾ.”

ಮಾಪಣ್ಣ ಹುಡುಗನ ಹೆಲ್ಮೆಟ್ಟಿಗೆ ಬಾಯಿ ಹಚ್ಚಿ ಕೂಗಿದ. “ನಾ ಉಜ್ಜೋ ಮಾಲಲ್ಲ! ಒಂದೀಟು ಎಳಿ. ಮತ್ತ ಕಾಕಾ ಅನಬ್ಯಾಡ.”

“ಮತ್ತೇನನ್ಲಿ ರೀ?”

“ಮೊದಲ ದಿನ ಏನಂದಿದ್ದಿ, ಅದನ್ನನ್ನು!”

ಕಪಿಲ ಎಳೆದ. ಮಾಪಣ್ಣನ ಹೊಟ್ಟೆ ಹಿಂದೆಯೇ ಉಳಿಯಿತು, ಉಳಿದ ಮೈ ಮುಂದೆ ಹೋಯಿತು. ರಾಜದೂತ ಜೀವಮಾನದಲ್ಲಿ ಕಾಣದ ಓಟ ಅದು. ಅವನಿಗೆ ಅಳು ಬಂತೋ, ಗಾಳಿಗೆ ಕಣ್ಣೀರು ಬಂತೋ ಗೊತ್ತಾಗಲಿಲ್ಲ. ಮೂರು ಉಸಿರಿನಷ್ಟು ಹೊತ್ತು ಅಷ್ಟೇ. ಎದುರಿಗೆ ಕುರಿ ಹಿಂಡು ಕಂಡಿತು, ಹುಡುಗ ಬಹಳ ಮುಂಚೆಯೇ ವೇಗ ಇಳಿಸಿದ.

ಚಹಾ ಹೋಟೆಲಿನ ಮುಂದೆ ರಾಜದೂತ ತಣ್ಣಗಾಗಿತ್ತು. ಆಯಿಲ್ ಸುರಿದು, ಗಾಡಿ ಅಲುಗಾಡಿಸಿ, ಮಾಪಣ್ಣ ಕಿಕ್ ಹೊಡೆದ. ಬರಲಿಲ್ಲ. ಕಪಿಲ ಹೊಡೆದ. ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಎದ್ದಿತು, ಹೋಟೆಲಿನವನ ಭಜಿ ಕಾಣದಷ್ಟು ಹೊಗೆ ಬಿಟ್ಟಿತು. ಸಪ್ಪಳದಲ್ಲಿ ಖರಖರ ಇತ್ತು.

“ಪಿಸ್ಟನ್ ತಿಂದಾದ ರೀ ಮಾಮಾ. ಬಿಚ್ಚಬೇಕಾಗ್ತದ.”

“ಬಿಚ್ಚೋಣು. ರಜಾ ಯಾವಾಗ ಅದ ಹೇಳು.”

ಕಮಲಾಪುರಕ್ಕೆ ರಾಜದೂತ ನಿಧಾನ ಬಂತು, ಅದರ ಹೊಗೆಯಲ್ಲಿ ಕೆಮ್ಮುತ್ತ ಒಂಬೈನೂರು ಹಿಂದೆ ಬಂತು. ವಾಸನೆ ಹಿಡಿದು ತುಳಜಾಬಾಯಿ ಮೊದಲೇ ಬಾಗಿಲಲ್ಲಿ ನಿಂತಿದ್ದಳು. ಪಂಚಶೀಲಾ ಸೊಂಟಕ್ಕೆ ಕೈಯಿಟ್ಟು, “ಯಾರ ಗೊನಿ ಗೆದ್ದಿತಪಾ?” ಎಂದಳು.

“ನಂದು ವಾಪಸ್ ಬಂದಾದ,” ಎಂದು ಮಾಪಣ್ಣ ಉಜ್ಜಿದ ಗೊನೆಯನ್ನು ಅವಳ ಕೈಗೆ ಹೊರಿಸಿದ. “ಇದನ್ನ ಓಣಿಗೆಲ್ಲ ಹಂಚು. ಯಾಕ ಅಂತ ಕೇಳಿದ್ರ, ಲಗ್ನ ಗೊತ್ತಾಗ್ಯಾದ ಅಂತ ಹೇಳು.”