ಕಾಗೆಗೂ ಜಾಗವಿರುವ ಚಟ್ಟಿ

ಅಂಗಡಿಯವನು ಹಕ್ಕಿಗೆ ಕಾಳಿಡುವ ಮೂರು ಬಗೆಯ ಪಾತ್ರೆಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಕೈ ಒರೆಸಿಕೊಂಡ. ಮೊದಲನೆಯದು ಉದ್ದನೆಯ ಪ್ಲಾಸ್ಟಿಕ್ ಕೊಳವೆ. ಮೈತುಂಬ ಸಣ್ಣ ತೂತುಗಳು, ಪ್ರತಿ ತೂತಿನ ಕೆಳಗೂ ಹಕ್ಕಿ ಕೂರಲು ಬೆರಳುದ್ದದ ಕಡ್ಡಿ. ಎರಡನೆಯದು ಕೆಂಪು ಮಾಡಿನ ಪುಟ್ಟ ಮರದ ಮನೆ. ಮೂರನೆಯದು ಅಗಲವಾದ ಮಣ್ಣಿನ ಚಟ್ಟಿ, ಅಂಚಿನಲ್ಲಿ ಮೂರು ಕಡೆ ತೂತು ಕೊರೆದು ತೆಂಗಿನ ನಾರಿನ ಹಗ್ಗ ಕಟ್ಟಿದ್ದು.

"ಕೊಳವೆಯದ್ದೇ ತಗೊಳ್ಳಿ ಚೇಚೀ," ಎಂದು ಅವನು ಮಲಯಾಳದಲ್ಲಿ ಹೇಳಿದ. "ಚಟ್ಟಿ ಇಟ್ರೆ ಗುಬ್ಬಿಗಿಂತ ಮೊದಲು ಕಾಗೆ ಬರ್ತದೆ. ಒಂದು ಬಂದ್ರೆ ಸಾಕು, ಕಳಮಶ್ಶೇರಿಯ ಕಾಗೆಗಳೆಲ್ಲ ನಿಮ್ಮ ಹಿತ್ತಿಲಲ್ಲೇ."

ಪಂಕಜಾಳಿಗೂ ಹಾಗೇ ಅನ್ನಿಸಿತ್ತು. ಕೊಳವೆಯನ್ನು ಎತ್ತಿ ಎಷ್ಟು ಹಗುರವೆಂದು ನೋಡಿದಳು. ಅಷ್ಟರಲ್ಲಿ ಮಗಳು ಅನನ್ಯ ಚಟ್ಟಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಮಲಯಾಳದಲ್ಲೇ ಕೇಳಿದಳು, ಕಾಗೆಗೂ ಹಸಿವಾಗುವುದಿಲ್ಲವೇ ಎಂದು.

"ಅದನ್ನೇ ಕನ್ನಡದಲ್ಲಿ ಹೇಳು ನೋಡುವ. ಮನೆಯಲ್ಲಿ ರತ್ನತ್ತೆ ಇದ್ದಾರೆ."

ಮಗು ಚಟ್ಟಿಯೊಳಗೆ ಇಣುಕಿತು, ಮಾತು ಅಲ್ಲೆಲ್ಲೋ ಬಿದ್ದಿದೆ ಎಂಬಂತೆ. "ಕಾಗೆಗೆ... ವಿಶಪ್ಪು ಬರುದಿಲ್ವಾ?"

ಒಂದೇ ವಾಕ್ಯದಲ್ಲಿ ಅರ್ಧ ಆ ಭಾಷೆ, ಅರ್ಧ ಈ ಭಾಷೆ. ಪಂಕಜಾ ಕೊಳವೆಯನ್ನು ಕೆಳಗಿಟ್ಟಳು. ಅಗಲದ ಚಟ್ಟಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಸಿಕೊಂಡು, ಬಾಳೆಲೆಯ ಕಟ್ಟು ಮತ್ತು ಕರಿಎಳ್ಳಿನ ಪೊಟ್ಟಣವಿದ್ದ ಚೀಲದೊಂದಿಗೆ ಮನೆಯ ಕಡೆ ಹೊರಟಳು.

ಮರುದಿನ ಅತ್ತೆ ಸರೋಜಿನಿಯಮ್ಮನ ಮೊದಲ ವರ್ಷದ ಶ್ರಾದ್ಧ. ಅದಕ್ಕೆಂದೇ ಗಂಡನ ಅಕ್ಕ ರತ್ನ ಬದಿಯಡ್ಕದಿಂದ ಬಂದಿದ್ದರು. ಅಲ್ಲಿನ ಕನ್ನಡ ಶಾಲೆಯಲ್ಲಿ ಟೀಚರು, ಮದುವೆಯಾಗಿರಲಿಲ್ಲ, ಶಾಲೆಯ ಪಕ್ಕದಲ್ಲೇ ಚಿಕ್ಕದೊಂದು ಮನೆ. ಬಂದ ಸಂಜೆಯೇ ಅವರು ಕೈಚೀಲದಿಂದ ಎರಡು ಕನ್ನಡ ಪಾಠಪುಸ್ತಕ ತೆಗೆದು, ಏನೂ ಹೇಳದೆ, ಅನನ್ಯಳ ತಲೆದಿಂಬಿನ ಬಳಿ ಇಟ್ಟಿದ್ದರು. ಹೇಳಬೇಕಾಗಿಯೂ ಇರಲಿಲ್ಲ.

ಹೋದ ವರ್ಷ ಅವರೆಲ್ಲ ತಿರುವನಂತಪುರದಲ್ಲಿದ್ದರು. ಗಂಡ ಅಚ್ಯುತನ ಕಚೇರಿ ಆಗ ಅಲ್ಲಿತ್ತು. ಉಳ್ಳೂರಿನ ಬಾಡಿಗೆಮನೆಯಲ್ಲಿ, ದೊಡ್ಡಾಸ್ಪತ್ರೆಗೆ ಹತ್ತಿರವೆಂದು ಹಿಡಿದಿದ್ದ ಮೂರನೇ ಮಾಳಿಗೆಯಲ್ಲಿ, ಅತ್ತೆ ಐದು ತಿಂಗಳು ಮಲಗಿದ್ದರು. ಮೊಮ್ಮಗಳನ್ನು ಕರೆದು ಏನೋ ಹೇಳುವರು. ಮಗು ಕೇಳಿಸಿಕೊಂಡು ಮಲಯಾಳದಲ್ಲಿ ಉತ್ತರ ಕೊಡುವುದು. ಮುದುಕಿ ಗೋಡೆಯ ಕಡೆ ಹೊರಳುವರು. ಒಂದು ದಿನ ಮಗನ ಕೈ ಹಿಡಿದು ಹೇಳಿದ್ದರು: "ಈ ಕೂಸನ್ನು ರತ್ನನ ಹತ್ತಿರ ಬಿಡು ಅಚ್ಯುತ. ನಮ್ಮ ಮಾತು ಬಾಯಿಗೆ ಬರ್ಲಿ."

ಅಚ್ಯುತ ಆಗಲೂ ಹೂಂ ಎನ್ನಲಿಲ್ಲ, ಉಹುಂ ಎನ್ನಲಿಲ್ಲ. ಹೇಳಿದ್ದು ಪಂಕಜಾಳೇ. "ಅವಳು ನನ್ನ ಬಿಟ್ಟು ಇರುದಿಲ್ಲ ಅತ್ತೆ. ನಾನೂ ಇರುದಿಲ್ಲ." ಆ ಮಾತು ಅಲ್ಲಿಗೇ ನಿಂತಿತ್ತು. ವರ್ಷವಿಡೀ ರತ್ನರೂ ಸೇರಿ ಮೂವರೂ ಅದನ್ನು ಮುಟ್ಟದೆ ಸುತ್ತಿ ಬಳಸಿ ನಡೆದಿದ್ದರು.

ಸಂಜೆ ಅಚ್ಯುತ ಕಚೇರಿಯಿಂದ ಬಂದವನು ಶರ್ಟು ಬಿಚ್ಚಿ ಹಿತ್ತಿಲ ಪೇರಳೆ ಮರದ ಕೆಳಗೆ ನಿಂತ. ಹಗ್ಗವನ್ನು ಕೊಂಬೆಯ ಮೇಲಿಂದ ಎಸೆದು, ಇನ್ನೊಂದು ತುದಿಯನ್ನು ಕಾಂಡಕ್ಕೆ ಸುತ್ತಿ ಕಟ್ಟಿದ. "ಇದನ್ನು ಬಿಚ್ಚಿದ್ರೆ ಚಟ್ಟಿ ಇಳೀತದೆ, ಎಳೆದ್ರೆ ಏರ್ತದೆ," ಎಂದು ಮಗಳಿಗೆ ತೋರಿಸಿಕೊಟ್ಟ. ರತ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಕಾಗೆಗೆ ತೊಟ್ಟಿಲು ಕಟ್ಟುವವರನ್ನು ಇಷ್ಟರವರೆಗೆ ನಾನು ಕಂಡಿರ್ಲಿಲ್ಲ ಮಾರಾಯ. ಜೋಗುಳ ಯಾವ ಭಾಷೆಯಲ್ಲಿ?"

ಅಚ್ಯುತ ನಕ್ಕ. ಪಂಕಜಾ ತೆಂಗಿನಕಾಯಿ ತುರಿಯುವುದನ್ನು ಮುಂದುವರಿಸಿದಳು.

ಬೆಳಗ್ಗೆ ಐದಕ್ಕೇ ತಲೆಗೆ ನೀರು ಹಾಕಿಕೊಂಡು ಅವಳು ಒಲೆ ಹೊತ್ತಿಸಿದ್ದಳು. ಹೆಸರುಬೇಳೆ ಪಾಯಸ, ಉದ್ದಿನ ವಡೆ, ಅತ್ತೆಗೆ ಇಷ್ಟವಾಗಿದ್ದ ಮುಳ್ಳುಸೌತೆ ಮಜ್ಜಿಗೆಹುಳಿ. ಶ್ರಾದ್ಧದ ಅಡುಗೆ ಮುಗಿಯುವ ತನಕ ಯಾರೂ ಮುಟ್ಟುವಂತಿಲ್ಲ, ಮೂಸುವಂತಿಲ್ಲ. ಅನನ್ಯ ಮಾತ್ರ ಹೊಸ್ತಿಲಲ್ಲಿ ಕಾಲು ಬದಲಾಯಿಸುತ್ತ ನಿಂತೇ ಇದ್ದಳು. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಪಂಕಜಾ ಡಬ್ಬಿ ತೆರೆದು ಎರಡು ಮುಷ್ಟಿ ನೆಲಗಡಲೆ, ಒಂದಿಷ್ಟು ಅವಲಕ್ಕಿ ತೆಗೆದು ಅವಳ ಫ್ರಾಕಿನ ಮಡಿಲಿಗೆ ಹಾಕಿದಳು. "ಹೋಗು, ನಿನ್ನ ಹಕ್ಕಿಗಳಿಗೆ ಹಾಕು. ಮುಗಿದ್ರೆ ಇನ್ನೂ ಕೊಡ್ತೇನೆ. ಭಟ್ರು ಹೋಗುವವರೆಗೆ ಮುಂದಿನ ಅಂಗಳಕ್ಕೆ ಬರ್ಬೇಡ." ಹನ್ನೊಂದು ಗಂಟೆಯೊಳಗೆ ಮಗು ಮೂರು ಸಲ ಬಂದು ಮಡಿಲು ತುಂಬಿಸಿಕೊಂಡು ಹೋಯಿತು.

ಅಣ್ಣಪ್ಪ ಭಟ್ಟರು ಕೆಲಸ ಮುಗಿಸಿ, ಬಾಳೆಲೆಯಲ್ಲಿ ಮೂರು ಉಂಡೆ ಅನ್ನವನ್ನು ಮುಂದಿನ ಪಾಗಾರದ ಗೋಡೆಯ ಮೂಲೆಯಲ್ಲಿ ಇಡಿಸಿದಾಗ ಸರಿಯಾಗಿ ಹನ್ನೆರಡೂವರೆ. ಅಚ್ಯುತ ಒದ್ದೆ ಪಂಚೆಯಲ್ಲಿ, ಬೆರಳಲ್ಲಿ ದರ್ಭೆಯೊಂದಿಗೆ ಎಲೆಯ ಪಕ್ಕ ನಿಂತ. ಭಟ್ಟರು ಒದ್ದೆ ಕೈ ತಟ್ಟಿ ಕರೆದರು. ಕಾಗೆ ಬಂದು ಮುಟ್ಟಬೇಕು; ಮುಟ್ಟಿದ ಮೇಲೆ ಮನೆಯವರ ಊಟ.

ಕಾಗೆ ಬರಲಿಲ್ಲ.

ಹತ್ತು ನಿಮಿಷ ಕಳೆಯಿತು. ಭಟ್ಟರು ಮತ್ತೆ ಕೈ ತಟ್ಟಿದರು. ಏಲೂರಿನ ಕಾರ್ಖಾನೆಗಳ ಕಡೆಯಿಂದ ಬರುವ ಬಿಸಿಗಾಳಿಗೆ ಎಲೆಯ ಅಂಚು ಮುದುಡತೊಡಗಿತು. ದಿನವೂ ಈ ಪಾಗಾರದ ಮೇಲೆ ಕೂತು ತಲೆ ತಿನ್ನುವ ಕಾಗೆಗಳಲ್ಲಿ ಒಂದೂ ಕಾಣಿಸಲಿಲ್ಲ. ಅರ್ಧ ಗಂಟೆಯಾಯಿತು.

"ತೀರಿಹೋದವರ ಮನಸ್ಸಲ್ಲಿ ಎಂತಾದ್ರೂ ಉಳಿದಿದ್ರೆ ಹೀಗಾಗುದುಂಟು," ಎಂದರು ಭಟ್ಟರು, ಹೊಟ್ಟೆಯ ಮೇಲೆ ಕೈಯಿಟ್ಟು. ಅವರಿಗೂ ಹಸಿದಿತ್ತು. "ನೆನಪು ಮಾಡಿ, ಬಾಯಿಬಿಟ್ಟು ಹೇಳಿ. ನೆರವೇರಿಸ್ತೇವೆ ಅಂದ್ರೆ ಬರ್ತದೆ."

ರತ್ನ ಮುಂದೆ ಬಂದು ಕೈಮುಗಿದರು. "ಅಮ್ಮ, ನಿನ್ನ ಕನ್ನಡಕ ನಾನು ಎದುರು ಮನೆಯ ಅಜ್ಜಿಗೆ ಕೊಟ್ಟದ್ದು ಬೇಜಾರಾ? ನಾಳೆಯೇ ವಾಪಸು ತರ್ತೇನೆ."

ಕಾಯ್ದರು. ಪಾಗಾರ ಬರಿದಾಗಿಯೇ ಇತ್ತು.

"ಪಾಯಸಕ್ಕೆ ಬೆಲ್ಲ ಕಮ್ಮಿಯಾಯ್ತೋ ಏನೋ," ಎಂದು ಭಟ್ಟರು ಪಂಕಜಾಳ ಕಡೆ ನೋಡಿದರು. "ಇಲ್ಲ ಭಟ್ರೆ, ಅವರಿಗೆ ಬೇಕಾದಷ್ಟೇ ಹಾಕಿದ್ದೇನೆ," ಎಂದಳು ಜಗಲಿಯ ಮೆಟ್ಟಿಲ ಮೇಲೆ ನಿಂತಿದ್ದ ಪಂಕಜಾ. ರತ್ನ ಸೆರಗಿನಿಂದ ಕಣ್ಣೊರೆಸಿಕೊಂಡರು. "ಬೆಲ್ಲ ಅಲ್ಲ. ಎಂತಾಂತ ನಮಗೆ ಮೂವರಿಗೂ ಗೊತ್ತುಂಟು," ಎಂದರು ಮೆಲ್ಲಗೆ.

ಆಗಲೇ ಪಂಕಜಾಳಿಗೆ ಅದು ಕೇಳಿಸಿದ್ದು. ಮನೆಯ ಹಿಂದಿನಿಂದ, ಪೇರಳೆ ಮರದ ಕಡೆಯಿಂದ, ಹತ್ತಿಪ್ಪತ್ತು ಕಾಗೆಗಳ ಜಗಳ. ಬೆಳಗಿನಿಂದ ಒಗ್ಗರಣೆಯ ಸದ್ದಿನ ನಡುವೆ ಅದನ್ನು ಅವಳು ಕೇಳುತ್ತಲೇ ಇದ್ದಳು. ನೆಲಗಡಲೆ. ಮೂರು ಮಡಿಲು ನೆಲಗಡಲೆ. ಊರ ಕಾಗೆಗಳನ್ನೆಲ್ಲ ತಾನೇ ಕರೆದು, ಹೊಟ್ಟೆ ತುಂಬ ಉಣ್ಣಿಸಿ, ಅತ್ತೆಯ ಎಲೆಯನ್ನು ಒಣಗಿಸುತ್ತಿದ್ದಾಳೆ.

ಹೇಳಿದರೆ ರತ್ನ ಏನೆಂದಾರು? ಹೇಳದಿದ್ದರೆ ಈ ಅತ್ತಿಗೆಯ ಬಾಯಿಂದ ಮುಂದೆ ಬರುವ ಮಾತು ಯಾವುದೆಂದು ಅವಳಿಗೆ ಗೊತ್ತು. ಸದ್ದಿಲ್ಲದೆ ಹೋಗಿ ಚಟ್ಟಿಯನ್ನು ಇಳಿಸಿ ಬಂದರಾಯಿತು. ಅವಳು ತಿರುಗಿದಳು. ಹೊಸ್ತಿಲು ದಾಟಿ ಒಂದು ಹೆಜ್ಜೆ ಒಳಗಿಟ್ಟಿದ್ದಳು, ಹಿಂದಿನಿಂದ ಗಂಡನ ಸ್ವರ ಕೇಳಿಸಿತು.

"ಅಮ್ಮ, ಅನನ್ಯಳನ್ನು ಅಕ್ಕನೊಟ್ಟಿಗೆ ಕಳಿಸ್ತೇನೆ. ಅಲ್ಲೇ ಓದ್ಲಿ. ನಿನ್ನ ಮಾತು ನಡೆಸ್ತೇನೆ."

ಅನನ್ಯ ಎಂಬ ಹೆಸರು ಯಾರದೆಂದು ಪಂಕಜಾಳಿಗೆ ಒಂದು ಕ್ಷಣ ಹೊಳೆಯಲೇ ಇಲ್ಲ. ಬಾಗಿಲ ಚೌಕಟ್ಟು ಹಿಡಿದು ತಿರುಗುವಷ್ಟರಲ್ಲಿ ರೆಕ್ಕೆಯ ಸದ್ದು. ಮಾಡಿನ ಮೇಲಿಂದ ಒಂದು ಕಾಗೆ ಜಾರಿ ಬಂದು ಪಾಗಾರದ ಮೇಲೆ ಇಳಿಯಿತು. ಅತ್ತ ನೋಡಿತು, ಇತ್ತ ನೋಡಿತು, ಉಂಡೆಗೆ ಕೊಕ್ಕು ಹಾಕಿತು. ಹಿಂದೆಯೇ ಇನ್ನೆರಡು, ಅವುಗಳ ಹಿಂದೆ ಗುಂಪು.

"ನೋಡಿದ್ರಾ," ಎಂದರು ಭಟ್ಟರು. ರತ್ನ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು. ಅಂಗಳದಲ್ಲಿ ಎಲ್ಲರೂ ಚಲಿಸುತ್ತಿದ್ದರು, ಭಟ್ಟರ ಬಾಯಿ ಅಲ್ಲಾಡುತ್ತಿತ್ತು, ಪಂಕಜಾಳಿಗೆ ಒಂದೂ ಕೇಳಿಸುತ್ತಿರಲಿಲ್ಲ. ಆಮೇಲೆ ಯಾರೋ ತಳ್ಳಿದಂತೆ ಅಡುಗೆಮನೆ ಹಾದು ಹಿತ್ತಿಲಿಗೆ ಬಂದಳು.

ಪೇರಳೆ ಮರದ ಕೊಂಬೆ ಬರಿದಾಗಿತ್ತು. ಕೆಳಗೆ ಅನನ್ಯ ಕೂತಿದ್ದಳು, ಚಟ್ಟಿಯನ್ನು ಮಡಿಲಲ್ಲಿಟ್ಟು, ಅದರ ಮೇಲೆ ಎರಡೂ ಕೈ ಹರಡಿ. ಕೊಂಬೆಯಿಂದ ಕಳಚಿಕೊಂಡ ಹಗ್ಗ ಅವಳ ಸುತ್ತ ಬಿದ್ದಿತ್ತು.

"ಅಮ್ಮೇ, ಕಾಕ್ಕ ವನ್ನೋ?" ಎಂದು ಕೇಳಿದಳು. ಭಟ್ಟರು ಕೈ ತಟ್ಟಿದ್ದು, ಕಾಗೆ ಬರಲಿಲ್ಲವೆಂದು ರತ್ನತ್ತೆ ಅಜ್ಜಿಯನ್ನು ಕರೆದು ಬೇಡಿಕೊಂಡದ್ದು ಎಲ್ಲವೂ ಅವಳಿಗೆ ಇಲ್ಲಿಗೆ ಕೇಳಿಸಿತ್ತಂತೆ. ಅಜ್ಜಿಯ ಅನ್ನಕ್ಕೆ ಹೋಗಲಿ ಎಂದು ಹಗ್ಗ ಬಿಚ್ಚಿ, ಚಟ್ಟಿ ಇಳಿಸಿ, ಅಷ್ಟೂ ಕಾಗೆಗಳನ್ನು ಮುಂದಕ್ಕೆ ಓಡಿಸಿದಳಂತೆ. ಮಲಯಾಳದಲ್ಲಿ ಗಡಿಬಿಡಿಯಾಗಿ ಇಷ್ಟನ್ನೂ ಹೇಳಿ, ಶಭಾಷ್ ಎನ್ನಿಸಿಕೊಳ್ಳಲು ಮುಖವೆತ್ತಿ ಕಾಯ್ದಳು.

ಪಂಕಜಾ ಅವಳ ತಲೆ ಮುಟ್ಟಿದಳು. "ಬಂತು ಮಗಾ. ಬಂತು."

ಊಟಕ್ಕೆ ಬಡಿಸುವಾಗ ಅವಳ ಕೈ ತಾನಾಗಿಯೇ ಕೆಲಸ ಮಾಡಿತು. ಭಟ್ಟರು ಎರಡನೇ ಸಲ ಪಾಯಸ ಹಾಕಿಸಿಕೊಂಡು, ಬೆಲ್ಲ ಸರಿಯಾಗಿಯೇ ಉಂಟು ಎಂದರು. ಅವರು ಹೊರಟ ಮೇಲೆ ರತ್ನ ಅನನ್ಯಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಭುಜದಿಂದ ಮೊಣಕಾಲಿನವರೆಗೆ ಗೇಣು ಹಾಕಿ ಅಳೆದರು. ಅವರ ಕಣ್ಣು ಇನ್ನೂ ಕೆಂಪಗಿತ್ತು, ಮುಖ ಬೆಳಗಿತ್ತು.

"ನಾಲ್ಕು ಗೇಣು. ಶಾಲೆ ಶುರುವಾಗ್ಲಿಕ್ಕೆ ಇನ್ನು ಎರಡೇ ವಾರ, ಯೂನಿಫಾರ್ಮು ಅಲ್ಲೇ ಹೊಲಿಸುವ. ನಾಳೆ ಬೆಳಗಿನ ಗಾಡಿಗೆ ನಾನೇ ಕರ್ಕೊಂಡು ಹೋಗ್ತೇನೆ ಪಂಕಜಾ, ನಿಂಗೆ ತಿರುಗಿ ಬರುವ ಕಷ್ಟ ಬೇಡ. ನನ್ನ ಮಂಚದಲ್ಲೇ ಮಲಗಿಸ್ತೇನೆ. ಒಂದು ದಿನವೂ ಹೊಡಿಯುದಿಲ್ಲ."

ಗೇಣು ಹಾಕುವಾಗ ಕಚಗುಳಿಯಾಗಿ ಮಗು ಕಿಲಕಿಲನೆ ನಕ್ಕಿತು. ಅದಕ್ಕೆ ಯಾರೂ ಇನ್ನೂ ಏನೂ ಹೇಳಿರಲಿಲ್ಲ.

ಅಚ್ಯುತ ಹಿತ್ತಿಲ ನಲ್ಲಿಯ ಬಳಿ ಕೈ ತೊಳೆಯುತ್ತಿದ್ದ. ಪಂಕಜಾ ಎಂಜಲೆಲೆಗಳನ್ನು ಬುಟ್ಟಿಗೆ ಹಾಕಿ ಅವನ ಹತ್ತಿರ ಬಂದು ನಿಂತಳು.

"ಕೇಳಿ. ಕಾಗೆ ಬಂದದ್ದು ನೀವು ಹೇಳಿದ್ದಕ್ಕಲ್ಲ. ಎಲ್ಲವೂ ಇಲ್ಲೇ ಇದ್ದವು. ನಾನೇ ನೆಲಗಡಲೆ ಕೊಟ್ಟಿದ್ದೆ. ಅವಳು ಚಟ್ಟಿ ಇಳಿಸಿದ್ದಕ್ಕೆ ಅವು ಮುಂದೆ ಬಂದವು. ಅತ್ತೆಯದ್ದು ಎಂತ ಸಿಟ್ಟೂ ಇಲ್ಲ. ಅತ್ತಿಗೆಗೆ ನಾನೇ ಹೇಳ್ತೇನೆ, ಬೈದ್ರೆ ಬೈಲಿ."

ಅವನು ನಲ್ಲಿಯನ್ನು ನಿಲ್ಲಿಸಿದ. "ಗೊತ್ತುಂಟು ನಂಗೆ."

"ಎಂತ ಗೊತ್ತುಂಟು?"

ಅವನು ತಲೆಯೆತ್ತದೆ ಮನೆಯ ಪಕ್ಕದ ಓಣಿಯ ಕಡೆ ಕೈ ತೋರಿಸಿದ. ಗೋಡೆಗೂ ಪಾಗಾರಕ್ಕೂ ನಡುವೆ ಒಬ್ಬರು ನಡೆಯುವಷ್ಟು ಜಾಗ. ಆ ತುದಿಯಲ್ಲಿ, ಬಿಸಿಲಿನಲ್ಲಿ, ಕಾಗೆಗಳು ಹರಿದು ಚೆಲ್ಲಿದ ಬಾಳೆಲೆ ಕಾಣುತ್ತಿತ್ತು. ಅಲ್ಲಿಂದ ಇಲ್ಲಿಯೂ ಅಷ್ಟೇ ಚೆನ್ನಾಗಿ ಕಾಣುತ್ತದೆ.

"ಅವಳು ಹಗ್ಗ ಬಿಚ್ಚುದು ಕಂಡಿತು."

ಪಂಕಜಾ ಕೇಳಿದಳು. "ಯಾವಾಗ? ನೀವು ಮಾತು ಕೊಡುವ ಮೊದಲಾ, ಕೊಟ್ಟ ಮೇಲಾ?"

ಅವನು ಹೆಗಲ ಮೇಲಿನ ತೋರ್ತಿನಿಂದ ಒಂದೊಂದೇ ಬೆರಳನ್ನು ಒರೆಸಿಕೊಂಡ.

"ಮೊದಲು."

ನಲ್ಲಿಯ ತುದಿಯಿಂದ ಒಂದು ಹನಿ ಬಿತ್ತು, ಇನ್ನೊಂದು ಕೂಡಿಕೊಳ್ಳತೊಡಗಿತು.

"ಅಕ್ಕ ಕೇಳಿದ್ರೆ ನೀನು ಒಪ್ತಿರ್ಲಿಲ್ಲ," ಎಂದ ಅಚ್ಯುತ. "ಅಮ್ಮ ಬದುಕಿರುವಾಗ ಕೇಳಿದ್ರೂ ಒಪ್ಪಲಿಲ್ಲ. ನಾನು ಕೇಳಿದ್ರೆ ನೀನು ಅಳ್ತಿ, ನಾನು ಸುಮ್ಮನಾಗ್ತೇನೆ. ಕಾಗೆಯ ಹತ್ತಿರ ಯಾರೂ ವಾದ ಮಾಡುದಿಲ್ಲಲ್ಲ." ತೋರ್ತನ್ನು ಮಡಚುತ್ತ, "ಕೊನೆಯ ದಿವಸ ಅಮ್ಮ ಅವಳ ಹತ್ತಿರ ನೀರು ಕೇಳಿದ್ದು, ಪಂಕಜಾ. ನೀರು ಅಂದ್ರೆ ಅವಳಿಗೆ ತಿಳಿಯುದಿಲ್ಲಾಂತ ಮಲಯಾಳದಲ್ಲಿ ಹೇಳ್ಲಿಕ್ಕೆ ಹೋಗಿ ಬೇರೆ ಎಂತದೋ ಹೇಳಿದ್ರು. ಅವಳು ಕಿಟಕಿ ತೆರೆದ್ಲು. ನಾನು ನೋಡ್ತಾ ಇದ್ದೆ."

ತೋರ್ತನ್ನು ಹೆಗಲಿಗೆ ಹಾಕಿಕೊಂಡು ಅವನು ಒಳಗೆ ಹೋದ. ಪಂಕಜಾ ನಿಂತಲ್ಲೇ ಇದ್ದಳು. ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದವನ ಬೆನ್ನನ್ನು, ದಾರಿಯಲ್ಲಿ ಹೋಗುವ ಯಾರದೋ ಬೆನ್ನನ್ನು ನೋಡುವ ಹಾಗೆ ನೋಡಿದಳು. ಸಿಟ್ಟು ಬರುತ್ತದೆಂದು ಕಾಯ್ದಳು. ಅದು ಬರಲಿಲ್ಲ. ಒಳಗೆಲ್ಲ ಬರಿದೇ ತಣ್ಣಗಾಗಿತ್ತು.

ಅನನ್ಯ ಚಟ್ಟಿಯನ್ನು ಹೊತ್ತುಕೊಂಡು ಬಂದಳು. ಭಟ್ಟರು ಹೋದರಲ್ಲ, ಇನ್ನು ತೂಗುಹಾಕಬಹುದಲ್ಲ ಎಂದಳು. ಹಗ್ಗ ಕೊಂಬೆಯಿಂದ ಜಾರಿಬಿಟ್ಟಿದೆ, ತನಗೆ ಎಟಕುವುದಿಲ್ಲ.

ಪಂಕಜಾ ಮರದ ಕೆಳಗೆ ಹೋಗಿ, ಬಗ್ಗಿ ಅವಳ ಮೊಣಕಾಲುಗಳ ಸುತ್ತ ತೋಳು ಬಳಸಿ ಎತ್ತಿದಳು. ಎಂಟು ವರ್ಷದ ಮಗು. ಎತ್ತದೆ ಎಷ್ಟೋ ಕಾಲವಾಗಿತ್ತು. ಅನನ್ಯ ಹಗ್ಗದ ತುದಿಯನ್ನು ಹಲ್ಲಲ್ಲಿ ಕಚ್ಚಿ ಕೊಂಬೆಗೆ ಕೈ ಚಾಚಿದಳು. ಒಳಗಿನಿಂದ ರತ್ನ ಗಾಡಿಯ ಹೊತ್ತು ಎಷ್ಟಕ್ಕೆಂದು ತಮ್ಮನನ್ನು ಕೇಳುವುದು ಕೇಳಿಸುತ್ತಿತ್ತು. ಮಗು ಹಗ್ಗವನ್ನು ದಾಟಿಸಿತು, ಎಳೆಯಿತು, ಎರಡು ಗಂಟು ಹಾಕಿತು.

"ಆಯ್ತು ಅಮ್ಮೇ. ಇಳಿಸು."

ಪಂಕಜಾ ಅವಳ ಹೊಟ್ಟೆಗೆ ಕೆನ್ನೆಯಾನಿಸಿ ಹಾಗೇ ನಿಂತಿದ್ದಳು.

"ಇಳಿಸು," ಎಂದಿತು ಮಗು ಮತ್ತೊಮ್ಮೆ, ಅಮ್ಮನ ತಲೆಯ ಮೇಲೆ ಕೈಯೂರಿ.