ಮೆಟ್ಟಿಲ ಬಳಿಯ ನೀರು

ನಮ್ಮಕ್ಕ ಹೊಳೆಯ ಕೆಳಬೀದಿಯಲ್ಲಿದ್ದಾಳೆ. ನಾಲ್ಕು ಮನೆಯವರ ಬಟ್ಟೆ ಒಗೆದುಕೊಡುವುದು ಅವಳ ಕೆಲಸ. ಎರಡು ವರ್ಷದಿಂದ ಅವಳ ಬೆರಳ ಸಂದಿಯ ಚರ್ಮ ಸುಲಿಯುತ್ತಲೇ ಇದೆ. ಅವಳು ಒಗೆಯುವ ಕಲ್ಲಿಗೆ ಹತ್ತು ಮಾರು ಮೇಲೆ ಬಣ್ಣದ ಕಾರ್ಖಾನೆಯ ಮೋರಿ ಹೊಳೆಗೆ ಬೀಳುತ್ತದೆ. ಅದನ್ನು ನಿಲ್ಲಿಸಿ ಎಂದು ಮೂರು ಸಲ ಪುರಸಭೆಯ ಕಚೇರಿಗೆ ಹೋದಳು. ಮೂರನೆಯ ಸಲ ಸಾಹೇಬರು ಗೋಡೆಗೆ ಅಂಟಿಸಿದ್ದ ಕಾಗದ ತೋರಿಸಿದರಂತೆ.

"ಹೊಳೆ ಬಳಗದವರೇ ವಾರವಾರ ಪರೀಕ್ಷೆ ಮಾಡಿ ಬರೀತಾರಲ್ಲಮ್ಮ, ನೀರು ಚೆನ್ನಾಗಿದೆ ಅಂತ. ನೀವು ಸೋಪು ಬದಲಾಯಿಸಿ ನೋಡಿ."

ಸೋಪು ಬದಲಾಯಿಸಬೇಕಂತೆ! ಕೇಳಿ ನನ್ನ ಮೈ ಉರಿದುಹೋಯಿತು. ಆ ಉರಿಯಲ್ಲಿ ಅರ್ಧ ನನ್ನ ಮೇಲೆಯೇ. ಮೊದಲು ಆ ಮೋರಿ ಬೀಳುತ್ತಿದ್ದದ್ದು ಮೇಲುಗಡೆ ಹೊಳೆಯ ಮೆಟ್ಟಿಲ ಬಳಿ, ಹೊಳೆ ಕಾಯಲೆಂದು ಊರವರು ಕಟ್ಟಿಕೊಂಡ ಆ ಬಳಗದವರು ಸೇರುವ ಜಾಗದಲ್ಲಿ. ನಾತ ತಡೆಯಲಾರದೆ ಅವರು ಅರ್ಜಿ ಕೊಟ್ಟು, ಪೈಪು ಹಾಕಿಸಿ, ಮೋರಿಯನ್ನು ಕೆಳಕ್ಕೆ ಸಾಗಿಸಿದರು. ಹೊಳೆ ಉಳಿಸಿದೆವು ಎಂದು ಚಪ್ಪಾಳೆ ತಟ್ಟಿದರು. ಪೈಪು ಜೋಡಿಸಿದವನು ನಾನು. ಕೆಳಗಿರುವವಳು ನಮ್ಮಕ್ಕ ಎಂಬ ಮಾತು ಅಂದು ನನ್ನ ಬಾಯಿಗೂ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಹೋದೆ. ಬಳಗದ ಹತ್ತು ಜನ ಟೋಪಿ ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು. ಬಳಗ ಕಟ್ಟಿದ ಮೇಷ್ಟ್ರು ಪರೀಕ್ಷೆಯ ನೀರು ತುಂಬುವ ಸೀಸೆಯನ್ನು ಮೂರನೆಯ ಸಲ ತೊಳೆಯುತ್ತಿದ್ದರು.

"ಮೇಷ್ಟ್ರೇ, ಇವತ್ತು ಪೈಪಿನ ಬಾಯಿಂದ ಕೆಳಗಡೆ ನೀರು ತಗೊಳ್ಳಿ."

"ಆಗಲ್ಲಪ್ಪ. ಅದೇ ಜಾಗ, ಅದೇ ಹೊತ್ತು. ಜಾಗ ಬದಲಾದ್ರೆ ಹೋದ ವಾರಕ್ಕೂ ಈ ವಾರಕ್ಕೂ ಹೋಲಿಸೋಕೆ ಬರಲ್ಲ."

"ಚೆನ್ನಾಗಿದೆ! ಕಾಲು ಮುರಿದವನ ಕೈ ಹಿಡಿದು ನೋಡಿ, ಗಟ್ಟಿಮುಟ್ಟಾಗಿದಾನೆ ಅಂತ ಬರಕೊಳ್ಳೋದು."

ಇಬ್ಬರು ನಕ್ಕರು. ಮೇಷ್ಟ್ರ ಮುಖ ಕೆಂಪಾಯಿತು. ಬ್ಯಾಂಕಿನಲ್ಲಿರುವ ಮೇಡಂ ಮುಂದೆ ಬಂದರು.

"ಅಲ್ಲೆಲ್ಲ ಕೆಸರು ಕಣಪ್ಪ. ಜಾರಿಬಿದ್ರೆ?"

"ನಮ್ಮಕ್ಕ ದಿನಾ ಅದೇ ಕೆಸರಲ್ಲಿ ಮೊಣಕಾಲುದ್ದ ನಿಲ್ತಾಳೆ ತಾಯಿ."

"ಮುಂದಿನ ಸಭೇಲಿ ಇಟ್ಟು ಮಾತಾಡೋಣ," ಎಂದರು ಮೇಷ್ಟ್ರು.

ಮಾತು ಸಾಕೆನ್ನಿಸಿತು. ಕೊನೆಯ ಮೆಟ್ಟಿಲ ಪಕ್ಕದಲ್ಲೇ ಪೈಪಿನ ಒಂದು ಜಾಯಿಂಟು ಇದೆ. ಹಾಕಿದವನಿಗೆ ಬಿಚ್ಚುವುದು ಗೊತ್ತಿರುವುದಿಲ್ಲವೇ? ಚೀಲದಿಂದ ಸ್ಪ್ಯಾನರ್ ತೆಗೆದು ನಾಲ್ಕು ಬೋಲ್ಟು ಸಡಿಲಿಸಿದೆ. ನೀಲಿಗಪ್ಪು ನೀರು ಭರ್ರೆಂದು ಮೆಟ್ಟಿಲಿಗೆ ಹೊಡೆಯಿತು. ಟೋಪಿಗಳೆಲ್ಲ ಮೇಲಕ್ಕೆ ಓಡಿದವು.

"ಈಗ ತುಂಬಿಕೊಳ್ಳಿ ಮೇಷ್ಟ್ರೇ. ಜಾಗ ಅದೇ, ಹೊತ್ತೂ ಅದೇ."

"ಏನು ಮನುಷ್ಯನಯ್ಯ ನೀನು! ಪೊಲೀಸರನ್ನ ಕರೀತೀನಿ," ಎಂದು ಮೇಡಂ ಕೂಗಿದರು.

"ಕರೀರಿ. ಅವರೂ ಒಂದು ಸಲ ಮೂಸಲಿ."

ಮೇಷ್ಟ್ರು ಮಾತ್ರ ಓಡಿರಲಿಲ್ಲ. ಪ್ಯಾಂಟು ಮಡಿಸಿ ಇಳಿದು, ಆ ನೀರು ಹೊಳೆಗೆ ಸೇರುವಲ್ಲೇ ಸೀಸೆ ಅದ್ದಿದರು. ಪರೀಕ್ಷೆಯ ಕಾಗದದ ಪಟ್ಟಿ ಮುಳುಗಿಸಿ ನೋಡಿದರು. ಪಟ್ಟಿಗೆ ಹತ್ತಿದ ಬಣ್ಣ ಅವರು ಹೋಲಿಸಿ ನೋಡುವ ಕೋಷ್ಟಕದಲ್ಲೇ ಇರಲಿಲ್ಲ. ಆಮೇಲೆ ಬಳಗದ ಹಲಗೆಯ ಮೇಲೆ 'ಈ ನೀರು ಮುಟ್ಟಬೇಡಿ' ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ ಸಹಿ ಹಾಕಿದರು.

"ಇನ್ನು ಮುಚ್ಚಪ್ಪ, ತಲೆ ತಿರುಗ್ತಿದೆ," ಎಂದರು ಮೇಡಂ, ಮೂಗಿಗೆ ಸೆರಗು ಒತ್ತಿಕೊಂಡು.

"ಸಾಹೇಬರು ಬಂದು ನೋಡ್ಲಿ, ಮುಚ್ತೀನಿ."

"ಭಾನುವಾರ ಅವರೆಲ್ಲಿ ಬರ್ತಾರೆ?"

"ಫೋನ್ ಮಾಡಿ ತಾಯಿ. ನಮ್ಮಕ್ಕ ಮಾಡಿದ್ರೆ ಎತ್ತಲ್ಲ. ನೀವು ಮಾಡಿದ್ರೆ ಎತ್ತುತಾರೆ."