ಹನ್ನೊಂದನೆಯ ಟೇಕ್

ಯುಗಾದಿ ಕಳೆದು ಎರಡು ವಾರವಾದರೂ ಬೇಸಿಗೆಯ ಒಂದು ಅಡ್ಡಮಳೆಯೂ ಬಿದ್ದಿರಲಿಲ್ಲ. ಸಾಗರದ ಹೊರಗಿನ ಹಳೆಯ ಅಕ್ಕಿ ಗಿರಣಿಯಲ್ಲಿ ದುರ್ಗೇಶ್ ಬೆಳಗಿನಿಂದ ಗೋಡೆಗೆ ಒಟ್ಟಿದ್ದ ಗೋಣಿಚೀಲಗಳನ್ನು ಇಳಿಸಿ, ಒಳಗಿನ ಭತ್ತದ ಹೊಟ್ಟನ್ನು ಹಿತ್ತಿಲಿಗೆ ಸುರಿಯುತ್ತಿದ್ದ. ಬೇಸಿಗೆಗೊಮ್ಮೆ ಆಗಲೇಬೇಕಾದ ಕೆಲಸ. ಹೊಟ್ಟು ಮುಗ್ಗಿದರೆ ಚೀಲ ಗಟ್ಟಿಯಾಗಿ ಡ್ರಮ್ಮಿನ ಶಬ್ದವನ್ನು ಹೀರುವುದಿಲ್ಲ, ವಾಪಸು ಎಸೆಯುತ್ತದೆ.

ಮೂಗಿಗೆ ಟವೆಲ್ಲು ಕಟ್ಟಿಕೊಂಡು ಹೊಸ ಹೊಟ್ಟು ತುಂಬುತ್ತಿದ್ದವನು ಪೂರ್ಣೇಶ್. ತೀರ್ಥಹಳ್ಳಿಯ ಬ್ಯಾಂಡಿನ ಗಿಟಾರಿನವನು.

"ರವೀಶನ ಅಮ್ಮ ಇವತ್ತು ಬರ್ತಾರಂತೆ ಅಣ್ಣ. ಎಂತ ಕೊಡ್ತೀರಿ?"

"ಕೇಳಿದ್ದು ಕೊಡ್ತೀನಿ."

ದುರ್ಗೇಶ್ ಹದಿನೆಂಟನೆಯ ವಯಸ್ಸಿಗೆ ಶಾಮಿಯಾನದ ಅಂಗಡಿಯೊಂದರಲ್ಲಿ ಮೈಕ್ ಸೆಟ್ ಹೊರುವ ಕೆಲಸಕ್ಕೆ ಸೇರಿದವನು. ಯಕ್ಷಗಾನದ ಚಂಡೆಯ ಮುಂದೆ ಮೈಕು ಎಷ್ಟು ದೂರ ಇಡಬೇಕೆಂದು ಕಲಿತದ್ದೇ ಮುಂದೆ ಹೆವಿ ಮೆಟಲ್ ಬ್ಯಾಂಡುಗಳ ಡ್ರಮ್ ಹಿಡಿಯುವುದಕ್ಕೆ ಬಂತು. ಗಿರಣಿಯನ್ನು ಸ್ಟುಡಿಯೋ ಮಾಡಿ ಹದಿನಾಲ್ಕು ವರ್ಷ. ಬೆಂಗಳೂರಿನ ಹುಡುಗರು ತಾಳಗುಪ್ಪದ ರೈಲು ಹತ್ತಿ ಇಲ್ಲಿಗೇ ಬರುತ್ತಿದ್ದರು. ಒಂದು ಅಭ್ಯಾಸ ಅವನಿಗೆ ಮೊದಲಿನಿಂದಲೂ ಇತ್ತು: ಟೇಕು ಮುಗಿದರೂ ರೆಕಾರ್ಡಿಂಗ್ ನಿಲ್ಲಿಸುತ್ತಿರಲಿಲ್ಲ. ಹಾಡುವವನು ಮರೆತು ಗುನುಗಿದ್ದರಲ್ಲಿ ಏನಾದರೂ ಸಿಕ್ಕೀತೆಂದು.

ಈಗ ರವೀಶನ ಅಮ್ಮ ಶೇಷಮ್ಮ ಕೇಳಿದ್ದು ಅದನ್ನೇ. ಹಾಡು ಬೇಡ, ನಡುನಡುವೆ ಮಗ ಮಾತಾಡಿದ್ದು ಇದ್ದರೆ ಅಷ್ಟು ಕೊಡಿ ಎಂದು.

ಬ್ಯಾಂಡಿನಲ್ಲಿ ಹಾಡುತ್ತಿದ್ದ ರವೀಶ ತೀರಿಕೊಂಡು ಒಂದೂವರೆ ತಿಂಗಳಾಗಿತ್ತು. ಮಂಗನ ಕಾಯಿಲೆ. ಅವನದು ಹೊಸನಗರ ತಾಲ್ಲೂಕಿನ ಹಿನ್ನೀರಿನ ದಡದ ಊರು. ಕೊಟ್ಟಿಗೆಗೆ ಹಾಸುವ ಒಣ ದರಗೆಲೆ ತರಲು ಕಾಡಿಗೆ ಹೋದಾಗ ಮಂಗನ ಮೈಯಿಂದ ಉದುರಿದ ಉಣುಗು ಕಚ್ಚಿತ್ತು. ಗಿರಣಿಗೆ ಬಂದ ಮರುದಿನವೇ ಜ್ವರ ಹಿಡಿಯಿತು. ಆ ಜ್ವರ ಅವನ ಗಂಟಲಿಗೆ ಯಾವ ಯಂತ್ರದಿಂದಲೂ ಬರದ ಒಂದು ಒಡಕನ್ನು ಕೊಟ್ಟಿತ್ತು. ದುರ್ಗೇಶ್ ಮಾತ್ರೆ ನುಂಗಿಸಿ ಹಾಡಿಸಿದ. ಬ್ಯಾಂಡಿನ ಉಳಿದವರು ಮೊದಲೇ ತಮ್ಮ ವಾದ್ಯ ನುಡಿಸಿ ಹೋಗಿದ್ದರು; ಆ ದಿನಗಳಲ್ಲಿ ಗಿರಣಿಯಲ್ಲಿ ಇದ್ದದ್ದು ಅವರಿಬ್ಬರೇ. ಹತ್ತನೆಯ ಟೇಕಿನ ನಂತರ ರವೀಶ ಆಡಿದ ಮಾತು, ದುರ್ಗೇಶ್ ಕೊಟ್ಟ ಉತ್ತರ, ಎರಡೂ ಕಂಪ್ಯೂಟರಿನಲ್ಲಿದ್ದವು. ನಿನ್ನೆ ದುರ್ಗೇಶ್ ಅಷ್ಟನ್ನು ಮಾತ್ರ ಕತ್ತರಿಸಿ, ಆಚೀಚೆಯದನ್ನು ಜೋಡಿಸಿ ಇಟ್ಟಿದ್ದ. ಆ ತಾಯಿಯ ಕಿವಿಗೆ ಅದು ಬೀಳಬಾರದು ಎಂಬುದೊಂದೇ ಅವನಿಗಿದ್ದದ್ದು.

ಮೂರು ಗಂಟೆಗೆ ಶೇಷಮ್ಮ ಮಗಳನ್ನು ಕರೆದುಕೊಂಡು ಬಂದರು. ಶ್ರಾವ್ಯಾ ಶಿವಮೊಗ್ಗದಲ್ಲಿ ನರ್ಸಿಂಗ್ ಓದುತ್ತಿದ್ದಳು. ಪೂರ್ಣೇಶ್ ನೀರು ಕೊಟ್ಟು ಹಿತ್ತಿಲಿಗೆ ಹೋದ. ದುರ್ಗೇಶ್ ಸ್ಪೀಕರಿನಲ್ಲಿ ಹಾಕಿದ.

ರವೀಶ ಕೆಮ್ಮಿದ. ನಕ್ಕ. "ಅಣ್ಣಾ, ಈ ಕೂಗನ್ನ ನಮ್ಮಮ್ಮ ಕೇಳಿದ್ರೆ ದನ ಕೂಗ್ತು ಅಂತ ಕೊಟ್ಟಿಗೆಗೆ ಹೋಗಿ ನೋಡ್ತಾಳೆ."

"ನೋಡಿದ್ದೆ ಕಣೋ," ಎಂದರು ಶೇಷಮ್ಮ ಸ್ಪೀಕರಿಗೆ. "ಒಂದ್ಸಲ ಹೋಗಿ ನೋಡೇ ನೋಡಿದ್ದೆ."

ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೊನೆಯವರೆಗೂ ಕೇಳಿದರು. ಮುಗಿದಾಗ ದುರ್ಗೇಶನ ಕೈ ಹಿಡಿದುಕೊಂಡರು. "ಪುಣ್ಯ ಬರ್ಲಿ ತಮ್ಮಾ ನಿಂಗೆ."

"ಅಣ್ಣ, ನಡುವೆ ಎಂತ ತೆಗ್ದಿರಿ?" ಎಂದಳು ಶ್ರಾವ್ಯಾ.

"ಎಂತದೂ ಇಲ್ಲ."

"ಇಲ್ಲ, ಅವ್ನು ಕೆಮ್ಮೋವಾಗ ಜೀರುಂಡೆ ಇರ್ಲಿಲ್ಲ. ನೀರು ಕೇಳೋ ಹೊತ್ತಿಗೆ ಒಂದೇ ಸಲಕ್ಕೆ ಜಿರ್ರಂತ ತುಂಬ್ಕೊಂಡಿದೆ. ಜೀರುಂಡೆ ಹಂಗೆ ಶುರುವಾಗಲ್ಲ."

ದುರ್ಗೇಶ್ ಪರದೆ ನೋಡಿದ. ಜೋಡಣೆಯನ್ನು ಅವನು ನಾಲ್ಕು ಸಲ ಹೆಡ್‌ಫೋನಿನಲ್ಲಿ ಕೇಳಿ ನೋಡಿದ್ದ. ಜೀರುಂಡೆ ಎಲ್ಲಿಯೂ ಇರಲಿಲ್ಲ. ಎರಡು ವರ್ಷದಿಂದ ತೀರಾ ಸಣ್ಣ, ಚೂಪು ದನಿಗಳು ಅವನ ಕಿವಿಗೆ ಬೀಳುತ್ತಿರಲಿಲ್ಲ. ಡ್ರಮ್ಮಿನ ಸಿಂಬಲ್ ತಾಳಗಳ ದನಿಯನ್ನೂ ಪರದೆಯ ಗೆರೆ ನೋಡಿಯೇ ಹದ ಮಾಡುತ್ತಿದ್ದ. ಯಾರಿಗೂ ಹೇಳಿರಲಿಲ್ಲ.

"ಇರೋದನ್ನ ಇದ್ದಂಗೆ ಹಾಕು ತಮ್ಮಾ," ಎಂದರು ಶೇಷಮ್ಮ. "ಅವ್ನು ಬೈದಿದ್ರೂ ಅಡ್ಡಿಲ್ಲ."

ದುರ್ಗೇಶನ ಒಂದು ಕೈ ಮೌಸಿನ ಮೇಲಿತ್ತು. ಹಾರ್ಡ್‌ಡಿಸ್ಕು ಹಾಳಾಗಿದೆ ಎನ್ನಬಹುದಿತ್ತು. ತಾಯಿ ಇನ್ನೂ ಅವನ ಇನ್ನೊಂದು ಕೈ ಬಿಟ್ಟಿರಲಿಲ್ಲ. ಅವನು ಕತ್ತರಿಸದ ಮೂಲವನ್ನು ಹಾಕಿದ.

"ಅಣ್ಣಾ, ಜ್ವರ ಬಿಡ್ತಿಲ್ಲ. ಕಣ್ಣುಗುಡ್ಡೆ ಸಿಡೀತಿದೆ. ನಮ್ಮ ಕಡೆ ಮಂಗ ಬೇರೆ ಸತ್ತಿದಾವೆ. ಹೋಗಿ ರಕ್ತ ತೋರ್ಸ್ಕೊಂಡು ಬರ್ಲಾ?"

"ಈ ಗಂಟ್ಲು ನಾಳೆ ಸಿಗಲ್ಲ ಮಾರಾಯ. ಇನ್ನೊಂದು ಟೇಕ್ ಕೊಡು. ಆಮೇಲೆ ಕಳಿಸ್ತೀನಿ."

"ನೀವು ಹೇಳಿದ್ರೆ ಸರಿ. ಸ್ವಲ್ಪ ನೀರು ಕೊಡಿ."

ಶೇಷಮ್ಮ ಕೈ ಬಿಟ್ಟರು.

"ಆಮೇಲೆ ಕಳಿಸ್ದ್ಯಾ?"

"ಇಲ್ಲ ಅಮ್ಮಾ. ಇನ್ನೂ ಎರಡು ಹಾಡು ಇದ್ವು. ಎರಡು ದಿನ ಬಿಟ್ಟು, ಜ್ವರ ಬಂದ ನಾಲ್ಕನೇ ದಿನ ಕಳಿಸ್ದೆ..."

"ಮನೆಗೆ ಬಂದೋನು ಅವತ್ತೇ ಜ್ವರ ಬಂತು ಅಂದಿದ್ದ," ಎಂದಳು ಶ್ರಾವ್ಯಾ. "ನಿಮ್ಮ ಹೆಸರು ಹೇಳ್ಲಿಲ್ಲ. ಡಾಕ್ಟ್ರಿಗೂ ಎರಡು ದಿನದ ಜ್ವರ ಅಂತಾನೇ ಬರ್ಸಿದ್ದು. ಆವಾಗ ಆರು ದಿನ ಆಗಿತ್ತು ಅಣ್ಣ."

ಶೇಷಮ್ಮ ಸ್ಪೀಕರಿನ ಕಡೆಗೆ ತಿರುಗಿ ಕೂತರು. "ಆಮೇಲೆ ಹಾಡಿದ್ದು ಯಾವ್ದು? ಅದನ್ನ ಹಾಕು."

"ಬೇಡ ಅಮ್ಮಾ."

"ಹಾಕು."

ಹನ್ನೊಂದನೆಯ ಟೇಕ್ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡ್. ದುರ್ಗೇಶ್ ಇಷ್ಟು ವರ್ಷಗಳಲ್ಲಿ ಹಿಡಿದ ದನಿಗಳಲ್ಲಿ ಅಷ್ಟು ಒಳ್ಳೆಯದು ಇನ್ನೊಂದಿರಲಿಲ್ಲ. ಅದು ಅವನಿಗೆ ಈಗಲೂ ಗೊತ್ತಿತ್ತು. ಡ್ರಮ್ಮಿನ ಏಟಿಗೆ ಪೂರ್ಣೇಶ್ ಕೊಟ್ಟಿದ್ದ ನೀರಿನ ಲೋಟ ನಡುಗುತ್ತಿತ್ತು. ಮಾತು ಒಂದೂ ತಿಳಿಯದ ಆ ಕೂಗನ್ನು ಶೇಷಮ್ಮ ಕಣ್ಣು ಮಿಟುಕಿಸದೆ ಕೇಳಿದರು. ಕೊನೆಗೆ ಮಗನ ಉಸಿರು ಎಳೆದಾಡಿ ನಿಂತಿತು.

"ಇದಕ್ಕಾ?" ಎಂದರು.

ದುರ್ಗೇಶ್ ಬಾಯಿ ತೆರೆದ.

"ಇದಕ್ಕಾ, ತಮ್ಮಾ?"

ಬೈಗುಳದ ದನಿಯಾಗಿರಲಿಲ್ಲ. ತಿಳಿಯದ್ದನ್ನು ತಿಳಿದವರಲ್ಲಿ ಕೇಳುವ ಹಾಗಿತ್ತು. ಹೊಸನಗರದ ಬಸ್ಸಿಗೆ ಹೊತ್ತಾಯಿತೆಂದು ಶ್ರಾವ್ಯಾ ತಾಯಿಯ ಭುಜ ಮುಟ್ಟಿದಳು. ಶೇಷಮ್ಮ ಆಗಲೂ ಏಳದೆ, ಅವನ ಬಾಯನ್ನೇ ನೋಡುತ್ತ ಕಾದರು.